ನಿಲುವು, ಗಾರ್ಡ್, ಹೆಜ್ಜೆ, ಫೇಂಟ್: ನಿಮಗೆ ಒಗ್ಗುವ ಬಾಕ್ಸಿಂಗ್ ಯಾವುದು?

ಬಾಕ್ಸಿಂಗ್ ಕಲಿಯಲು ಬಂದವರಲ್ಲಿ ಹೆಚ್ಚಿನವರು ಮೊದಲು ಗಾರ್ಡ್, ಅಂದರೆ ಏಟು ತಡೆಯಲು ಕೈ ಇಡುವ ರೀತಿಯನ್ನು, ಆರಿಸಿಕೊಳ್ಳುತ್ತಾರೆ. ಫ್ಲಾಯ್ಡ್ ಮೇವೆದರ್ ಕೈ ಇಳಿಬಿಟ್ಟು ಭುಜದಲ್ಲೇ ಏಟು ಜಾರಿಸುವುದನ್ನು ನೋಡಿದವರಿಗೆ ಅದೇ ಬೇಕು. ಮೈಕ್ ಟೈಸನ್‌ರ ಹಳೆಯ ಪಂದ್ಯ ನೋಡಿದವರು ಮರುದಿನವೇ ಬ್ಯಾಗಿನ ಮುಂದೆ ತಲೆ ಆಡಿಸುತ್ತಾ ನಿಲ್ಲುತ್ತಾರೆ. ಆದರೆ ಕೈ ಎಲ್ಲಿರಬೇಕು ಎಂಬುದು ಪಾದ ಎಲ್ಲಿದೆ ಎಂಬುದರ ಮೇಲೆ ನಿಂತಿದೆ, ಪಾದದ ಜಾಗವೋ ನೀವು ಎಷ್ಟು ದೂರದಿಂದ ಹೊಡೆಯಬೇಕೆಂದಿದ್ದೀರಿ ಎಂಬುದರ ಮೇಲೆ. ಹಾಗಾಗಿ ಆಯ್ಕೆ ಕೆಳಗಿನಿಂದ ಮೇಲಕ್ಕೆ ಸಾಗಬೇಕು: ಮೊದಲು ದೂರ, ಆಮೇಲೆ ಕಾಲು, ಆಮೇಲೆ ಗಾರ್ಡ್, ಕೊನೆಗೆ ಫೇಂಟ್, ಅಂದರೆ ಎದುರಾಳಿಯನ್ನು ಮೋಸಗೊಳಿಸುವ ಸುಳ್ಳು ಏಟು. ಕ್ರಮ ತಿರುಗುಮುರುಗಾದರೆ ಒಂದೊಂದು ಭಾಗವೂ ಚೆನ್ನಾಗಿ ಕಂಡರೂ ಒಟ್ಟಿಗೆ ಕೂಡುವುದಿಲ್ಲ.

ದೂರ ತಿಳಿಯಲು ಸುಲಭದ ಪರೀಕ್ಷೆ ಇದೆ. ನಿಮ್ಮಷ್ಟೇ ತೂಕದ ಜೊತೆಗಾರರ ಎದುರು ನಿಂತು ಇಬ್ಬರೂ ಜ್ಯಾಬ್ (ಮುಂದಿರುವ ಕೈಯ ನೇರ ಏಟು) ಚಾಚಿ. ನಿಮ್ಮ ಮುಷ್ಟಿ ಅವರ ಮೂಗು ಮುಟ್ಟುವಾಗ ಅವರದು ನಿಮ್ಮನ್ನು ಮುಟ್ಟದಿದ್ದರೆ ದೂರದ ಆಟ ನಿಮ್ಮದು. ತದ್ವಿರುದ್ಧವಾದರೆ ಒಳನುಗ್ಗುವ ಆಟ ಕಲಿಯಲೇಬೇಕು, ಬೇರೆ ದಾರಿಯಿಲ್ಲ. ನಿಮ್ಮ ತೂಕದ ಮೂರ್ನಾಲ್ಕು ಜನರ ಜೊತೆ ಮಾಡಿ ನೋಡಿ. ಒಬ್ಬರ ಅಳತೆಯಿಂದ ತೀರ್ಮಾನಕ್ಕೆ ಬರಬೇಡಿ.

ಯಾವ ಕಾಲು ಮುಂದೆ: ಆರ್ಥೊಡಾಕ್ಸ್ ಅಥವಾ ಸೌತ್‌ಪಾ

ಎಡಗಾಲು, ಎಡಗೈ ಮುಂದಿದ್ದರೆ ಆರ್ಥೊಡಾಕ್ಸ್. ಬಲಗಾಲು, ಬಲಗೈ ಮುಂದಿದ್ದರೆ ಸೌತ್‌ಪಾ. ಬಲವಾದ ಕೈ ಹಿಂದಿರಲಿ ಎಂಬುದು ರೂಢಿ. ಹಿಂದಿನ ಕೈಗೆ ಹಿಮ್ಮಡಿ, ಸೊಂಟ, ಭುಜ ಮೂರೂ ತಿರುಗಲು ಜಾಗ ಸಿಗುತ್ತದೆ, ಹಾಗಾಗಿ ಅದೇ ದೊಡ್ಡ ಏಟಿನ ಕೈ.

ಬಲವಾದ ಕೈಯನ್ನು ಮುಂದಿಟ್ಟು ಗೆದ್ದವರೂ ಇದ್ದಾರೆ. ಆಸ್ಕರ್ ಡೆ ಲಾ ಹೋಯಾ, ಮಿಗೆಲ್ ಕೊಟ್ಟೊ ಇಬ್ಬರೂ ಎಡಚರಾಗಿದ್ದು ಆರ್ಥೊಡಾಕ್ಸ್ ಆಡಿದವರು. ಇಬ್ಬರ ಎಡಗೈ ಹುಕ್‌ಗೂ, ಅಂದರೆ ಪಕ್ಕದಿಂದ ಬಾಗಿ ಬರುವ ಏಟಿಗೂ, ಎದುರಾಳಿಗಳು ಅಂಜುತ್ತಿದ್ದರು. ಮ್ಯಾನಿ ಪಕಿಯಾವೊ ಬಲಗೈಯಲ್ಲಿ ಬರೆಯುವವರು, ಆಡುವುದು ಸೌತ್‌ಪಾ. ಈ ಆಯ್ಕೆಯ ಲಾಭವೆಂದರೆ ಪಂದ್ಯದಲ್ಲಿ ಅತಿ ಹೆಚ್ಚು ಬಳಸುವ ಕೈ, ಅಂದರೆ ಜ್ಯಾಬ್ ಮತ್ತು ಹುಕ್ ಹೊಡೆಯುವ ಮುಂಗೈ (ಮುಂದಿರುವ ಕೈ), ಮೊದಲ ದಿನದಿಂದಲೇ ಚುರುಕಾಗಿರುತ್ತದೆ. ನಷ್ಟವೆಂದರೆ ಹಿಂದಿನ ಕೈ ಬಹುಕಾಲ ಬರೀ ತಳ್ಳುತ್ತದೆ, ಹೊಡೆಯುವುದಿಲ್ಲ. ಹೊಸಬರಿಗೆ ನಮ್ಮ ಸಲಹೆ ರೂಢಿಯದೇ: ಬಲವಾದ ಕೈ ಹಿಂದೆ. ಎರಡೂ ಕಡೆ ಆಡುವ ಆಸೆಯನ್ನು ಕನಿಷ್ಠ ಒಂದು ವರ್ಷ ಬದಿಗಿಡಿ. ಟೆರೆನ್ಸ್ ಕ್ರಾಫರ್ಡ್ ಸುತ್ತಿನ ನಡುವೆಯೇ ನಿಲುವು ಬದಲಿಸುತ್ತಿದ್ದರು, ನಿಜ. ಆದರೆ ಕಾಲು ಬದಲಾಗುವ ಆ ಅರೆಕ್ಷಣದಲ್ಲಿ ಎರಡೂ ಪಾದ ಒಂದೇ ಗೆರೆಯಲ್ಲಿರುತ್ತವೆ. ಆಗ ಬಿದ್ದ ಹಗುರ ಜ್ಯಾಬ್ ಕೂಡ ಕಲಿಯುವವರನ್ನು ಕೆಡವಬಲ್ಲದು.

ಎದುರಾಳಿ ನಿಮ್ಮದಕ್ಕೆ ಉಲ್ಟಾ ನಿಲುವಿನವರಾದರೆ ಇಬ್ಬರ ಮುಂಗಾಲೂ ಅಕ್ಕಪಕ್ಕ ಬಂದು ತಾಗುತ್ತವೆ, ಮುಂಗೈಗಳು ಒಂದಕ್ಕೊಂದು ಅಡ್ಡವಾಗುತ್ತವೆ. ಜ್ಯಾಬ್‌ನ ದಾರಿ ಕಿರಿದಾಗಿ ಹಿಂದಿನ ಕೈಯ ನೇರ ಏಟಿಗೆ ದಾರಿ ತೆರೆಯುತ್ತದೆ. ನಿಮ್ಮ ಮುಂಗಾಲು ಎದುರಾಳಿಯ ಮುಂಗಾಲಿನ ಹೊರಗಿದ್ದರೆ ನಿಮ್ಮ ಹಿಂದಿನ ಕೈ ಸೀದಾ ಅವರ ಗದ್ದದ ಗೆರೆಗೆ ಬರುತ್ತದೆ, ಅವರದು ನಿಮ್ಮ ಭುಜದ ಆಚೆ ಹೋಗುತ್ತದೆ. 2012ರ ಡಿಸೆಂಬರ್‌ನಲ್ಲಿ ಹ್ವಾನ್ ಮಾನ್ವೆಲ್ ಮಾರ್ಕೆಸ್ 6ನೇ ಸುತ್ತಿನಲ್ಲಿ ಪಕಿಯಾವೊ ಅವರನ್ನು ಕೆಡವಿದ ಬಲಗೈ ಏಟನ್ನು ನಿಧಾನಗತಿಯಲ್ಲಿ ನೋಡಿ: ಪಕಿಯಾವೊ ತಾವಾಗಿಯೇ ಆ ಗೆರೆಯೊಳಕ್ಕೆ ನುಗ್ಗುತ್ತಾರೆ. ಸೌತ್‌ಪಾಗೂ ಇದೇ ಗೆರೆಯಲ್ಲಿ ತನ್ನ ಉಡುಗೊರೆ ಇದೆ. ಲಿವರ್ ಇರುವುದು ಬಲಪಕ್ಕೆಯ ಕೆಳಗೆ, ಆರ್ಥೊಡಾಕ್ಸ್ ಬಾಕ್ಸರ್‌ನ ಆ ಪಕ್ಕೆ ಸೌತ್‌ಪಾನ ಎಡಗೈಗೆ ನೇರ ಎದುರು.

ಪಕ್ಕಕ್ಕೆ ತಿರುಗಿದ ನಿಲುವು ಅಥವಾ ಎದುರು ನಿಲುವು

ನೆಲದ ಮೇಲೆ ಟೇಪ್ ಹಚ್ಚಿ ಒಂದು ಗೆರೆ ಹಾಕಿ. ಮುಂಗಾಲಿನ ಹೆಬ್ಬೆರಳೂ ಹಿಂಗಾಲಿನ ಹಿಮ್ಮಡಿಯೂ ಆ ಗೆರೆಯನ್ನು ಮುಟ್ಟುವಂತೆ, ಪಾದಗಳು ಗೆರೆಯ ಆಚೆ ಈಚೆ ಇರುವಂತೆ ನಿಂತರೆ ಅದು ನಡುವಿನ ನಿಲುವು. ಪಾದಗಳ ಅಂತರ ಭುಜದಗಲಕ್ಕಿಂತ ತುಸು ಹೆಚ್ಚು, ಹಿಂದಿನ ಹಿಮ್ಮಡಿ ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲೆ, ಮೊಣಕಾಲು ಸಡಿಲ, ತೂಕ ಎರಡೂ ಕಾಲಿಗೆ ಸಮ. ಇಲ್ಲಿಂದ ಹೊರಡಿ.

ಹಿಂಗಾಲನ್ನು ಗೆರೆಯ ಮೇಲಕ್ಕೇ ತಂದರೆ ಮೈ ಪಕ್ಕಕ್ಕೆ ತಿರುಗುತ್ತದೆ. ಮುಂಭುಜ ಎದುರಾಳಿಯತ್ತ ಸರಿದು ಜ್ಯಾಬ್ ಉದ್ದವಾಗುತ್ತದೆ, ಹೊಡೆಯಿಸಿಕೊಳ್ಳುವ ಜಾಗ ಕಿರಿದಾಗುತ್ತದೆ. ಆದರೆ ಹಿಂದಿನ ಕೈ ಗುರಿಯಿಂದ ದೂರ ಸರಿಯಿತು, ಅದು ಬರುವುದು ಎದುರಾಳಿಗೆ ಮೊದಲೇ ಕಾಣುತ್ತದೆ. ಪಕ್ಕದಿಂದ ಯಾರಾದರೂ ಭುಜ ತಳ್ಳಿದರೆ ತಟ್ಟನೆ ತೂರಾಡುತ್ತೀರಿ. ಒಮ್ಮೆ ತಳ್ಳಿಸಿಕೊಂಡು ನೋಡಿ, ನಂಬಿಕೆ ಬರುತ್ತದೆ. ಹಿಂಗಾಲನ್ನು ಗೆರೆಯಿಂದ ಒಂದೂವರೆ ಪಾದದಷ್ಟು ಪಕ್ಕಕ್ಕಿಟ್ಟರೆ ಎದುರು ನಿಲುವು: ಎರಡೂ ಕೈ ಗುರಿಗೆ ಸಮದೂರ, ಹುಕ್, ಅಪ್ಪರ್‌ಕಟ್ (ಕೆಳಗಿನಿಂದ ಮೇಲೇರುವ ಏಟು) ಎರಡೂ ಕಡೆಯಿಂದ, ತಲೆ ಎಡಬಲಕ್ಕೆ ಸಲೀಸು. ಬೆಲೆ ಏನೆಂದರೆ ಎದೆ ಹೊಟ್ಟೆ ತೆರೆದಿರುತ್ತವೆ, ನೇರ ಏಟು ಬಿದ್ದರೆ ಹಿಂದಕ್ಕೆ ವಾಲುತ್ತೀರಿ.

ಒದೆತ ಇರುವ ಆಟಕ್ಕೆ ಇಳಿಯುವವರಿಗೆ ಇಲ್ಲಿ ಆಯ್ಕೆಯೇ ಬೇರೆ. ಬಾಕ್ಸಿಂಗ್‌ನ ಪಕ್ಕದ ನಿಲುವಿನಲ್ಲಿ ಮುಂಗಾಲು ಒಳಕ್ಕೆ ತಿರುಗಿ ತೊಡೆಯ ಹೊರಬದಿ ಲೋ ಕಿಕ್‌ಗೆ ಸಿಗುತ್ತದೆ. ಅದನ್ನು ತಡೆಯಲು ಮೊಣಕಾಲು ಎತ್ತಿ ಮೊಣಕಾಲ ಕೆಳಗಿನ ಮೂಳೆಯನ್ನು ಹೊರಕ್ಕೊಡ್ಡಬೇಕು. ತೂಕವೆಲ್ಲ ಮುಂಗಾಲಿನ ಮೇಲಿದ್ದರೆ ಅದು ಏಳುವುದೇ ಇಲ್ಲ. ಹಾಗಾಗಿ ಒದೆತ, ಮೊಣಕಾಲೇಟು ಇರುವ ಥಾಯ್ಲೆಂಡ್‌ನ ಆಟ ಮುವಾಯ್ ಥಾಯ್‌ನವರು ಎದುರಾಗಿ, ಎತ್ತರವಾಗಿ, ಮುಂಗಾಲು ಹಗುರಾಗಿಟ್ಟು ನಿಲ್ಲುತ್ತಾರೆ. ಹೊಟ್ಟೆಯವರೆಗೆ ಬಗ್ಗಿ ಏಟು ತಪ್ಪಿಸುವ ಬಾಕ್ಸಿಂಗ್ ಅಭ್ಯಾಸ ಅಲ್ಲಿ ಮುಖವನ್ನು ಮೊಣಕಾಲಿನ ಮುಂದೊಯ್ದು ಇಡುತ್ತದೆ. ಎರಡೂ ಆಟ ಒಟ್ಟಿಗೆ ಕಲಿಯುತ್ತಿದ್ದರೆ ಮೊದಲಿನಿಂದಲೂ ಎದುರು ನಿಲುವನ್ನೇ ಹಿಡಿಯಿರಿ.

ಗಾರ್ಡ್: ನಾಲ್ಕು ದಾರಿ

ಎತ್ತರದ ಗಾರ್ಡ್‌ನಲ್ಲಿ ಗ್ಲೌಸ್ ಎರಡೂ ಹಣೆಯ ಅಂಚಿಗೆ ತಾಗುತ್ತವೆ, ಮೊಣಕೈ ಪಕ್ಕೆಗೆ ಅಂಟಿರುತ್ತವೆ, ಗದ್ದ ಕೆಳಗೆ. ಕಲಿಯಲು ಇದಕ್ಕಿಂತ ಸುಲಭದ್ದಿಲ್ಲ, ದಣಿದಾಗಲೂ ಕೈಬಿಡದ್ದು ಇದೇ. ಕೊರತೆ ಮೂರು: ನೋಟ ಕಿರಿದಾಗುತ್ತದೆ, ಗ್ಲೌಸ್ ನಡುವಿನ ಸಂದಿಯಲ್ಲಿ ಅಪ್ಪರ್‌ಕಟ್ ಏರುತ್ತದೆ, ಹುಕ್ ಕಂಡಾಗ ಮೊಣಕೈ ಎತ್ತಿಬಿಟ್ಟರೆ ಪಕ್ಕೆ ಬರಿದಾಗುತ್ತದೆ. ಕೊನೆಯದೇ ಹೆಚ್ಚು ಜನರನ್ನು ಬಗ್ಗಿಸಿದೆ. ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಅಭ್ಯಾಸದಲ್ಲಿ ನೀವು ತೊಡುವುದು 16 ಔನ್ಸ್ ಗ್ಲೌಸ್, ಅದರ ಹಿಂದೆ ಮುಖವೆಲ್ಲ ಮರೆಯಾಗುತ್ತದೆ. ಅಮೆಚೂರ್ ಪಂದ್ಯದಲ್ಲಿ 10 ಅಥವಾ 12 ಔನ್ಸ್, ವೃತ್ತಿಪರರ ಕಡಿಮೆ ತೂಕದ ವಿಭಾಗಗಳಲ್ಲಿ 8 ಔನ್ಸ್. ಗ್ಲೌಸ್ ಚಿಕ್ಕದಾದಂತೆ ಸಂದಿ ದೊಡ್ಡದಾಗುತ್ತದೆ. ಮಿಶ್ರ ಸಮರಕಲೆಯ 4 ಔನ್ಸ್ ಗ್ಲೌಸ್‌ನಲ್ಲಿ ಬರೀ ಕೈಮರೆಯನ್ನು ನಂಬಿ ನಿಲ್ಲುವಂತಿಲ್ಲ. ಅಲ್ಲಿ ತಲೆ ಚಲಿಸಬೇಕು ಇಲ್ಲವೇ ಕಾಲು.

ಭುಜದ ಗಾರ್ಡ್, ಅಂದರೆ ಫಿಲ್ಲಿ ಶೆಲ್: ಮುಂಗೈ ಹೊಟ್ಟೆಗೆ ಅಡ್ಡ, ಮುಂಭುಜ ಗದ್ದದವರೆಗೆ ಎತ್ತಿದ್ದು, ಹಿಂದಿನ ಕೈ ದವಡೆಯ ಪಕ್ಕ ಅಂಗೈ ಹೊರಕ್ಕೆ. ಎದುರಾಳಿಯ ಬಲಗೈ ನೇರ ಏಟು ಬಂದಾಗ ಸೊಂಟದಿಂದ ಹಿಂದಕ್ಕೆ ತಿರುಗಿ ಅದನ್ನು ಭುಜದ ಮೇಲೆ ಜಾರಿಸಬೇಕು, ಹುಕ್ ಬಂದರೆ ಹಿಂದಿನ ಅಂಗೈಯಲ್ಲಿ ಹಿಡಿಯಬೇಕು. ತಿರುಗಿದ ಆ ಕ್ಷಣ ತೂಕ ಹಿಂಗಾಲಿನ ಮೇಲೆ ಸಿದ್ಧವಾಗಿರುತ್ತದೆ, ಬಲಗೈ ಮರುಏಟಿಗೆ ಇದಕ್ಕಿಂತ ಒಳ್ಳೆಯ ಸ್ಥಿತಿ ಬೇಡ. ಜೇಮ್ಸ್ ಟೋನಿ ಇದನ್ನು ಎದುರಾಳಿಯ ಎದೆಗೆ ಎದೆ ಕೊಟ್ಟು ಆಡಿದವರು, ಮೇವೆದರ್ ದೂರ ಇಟ್ಟುಕೊಂಡು ಆಡಿದವರು.

ಕೆಡುವುದು ಎಲ್ಲಿ? ಮೊದಲನೆಯದಾಗಿ, ಭುಜ ಮಾತ್ರ ಎತ್ತಿ ಸೊಂಟ ತಿರುಗಿಸದಿದ್ದರೆ ಏಟು ಜಾರದೆ ಭುಜದ ಮೇಲಿಂದ ಕಿವಿಗೆ ಬಡಿಯುತ್ತದೆ. ಎರಡನೆಯದು, ಮುಂಗೈ ಕೆಳಗಿರುವುದರಿಂದ ವೇಗದ ಜ್ಯಾಬ್ ಸಾಲಾಗಿ ಬಂದರೆ ತಡೆಯಲು ಒಂದೇ ಅಂಗೈ ಉಳಿಯುತ್ತದೆ. ಮೂರನೆಯದು, ಮೇಲಿಂದ ಬಾಗಿ ಬರುವ ಓವರ್‌ಹ್ಯಾಂಡ್. 2014ರಲ್ಲಿ ಮಾರ್ಕೋಸ್ ಮೈಡಾನಾ ಮೊದಲ ಪಂದ್ಯದಲ್ಲಿ ಮೇವೆದರ್‌ಗೆ ತೊಂದರೆ ಕೊಟ್ಟದ್ದು ಅಂಥ ಏಟುಗಳಿಂದ. ಎಲ್ಲಕ್ಕಿಂತ ದೊಡ್ಡದು ಸೌತ್‌ಪಾ. ಆತನ ಎಡಗೈ ನೇರ ಏಟು ನಿಮ್ಮ ಭುಜದ ಒಳಬದಿಯಿಂದ ಬರುತ್ತದೆ, ಜಾರಿಸಲು ಭುಜ ಆ ದಾರಿಯಲ್ಲೇ ಇಲ್ಲ. ಅಮೆಚೂರ್ ಪಂದ್ಯದ ಮೂರು ನಿಮಿಷದ 3 ಸುತ್ತುಗಳಿಗೆ ಈ ಗಾರ್ಡ್ ಹೊಂದುವುದು ಕಡಿಮೆ. ಕಾದು ಮರುಏಟು ಕೊಡುವ ಆಟಕ್ಕೆ ಅಲ್ಲಿ ಸಮಯ ಸಾಲದು, ಭುಜಕ್ಕೆ ತಾಗಿದ ಏಟೂ ದೂರ ಕುಳಿತ ತೀರ್ಪುಗಾರರಿಗೆ ಬಿದ್ದಂತೆ ಕಾಣಬಹುದು. ಎರಡು ವರ್ಷ ಎತ್ತರದ ಗಾರ್ಡ್‌ನಲ್ಲಿ ಸ್ಪಾರಿಂಗ್ (ಜೊತೆಗಾರರೊಂದಿಗಿನ ಅಭ್ಯಾಸದ ಆಟ) ಮಾಡಿದವರು ಕಲಿಯಲಿ. ಅದಕ್ಕಿಂತ ಮುಂಚೆ ಬೇಡ.

ಪೀಕ್‌ಎಬೂ ಗಿಡ್ಡ ಕೈಯವರ ಗಾರ್ಡ್. ತರಬೇತುದಾರ ಕಸ್ ಡಮಾಟೊ ಇದನ್ನು ಫ್ಲಾಯ್ಡ್ ಪ್ಯಾಟರ್ಸನ್, ಹೋಸೆ ಟೊರೆಸ್, ಆಮೇಲೆ ಟೈಸನ್‌ಗೆ ಕಲಿಸಿದರು. ಸುಮಾರು 178 ಸೆಂಟಿಮೀಟರ್ ಎತ್ತರದ ಟೈಸನ್ 1986ರಲ್ಲಿ, 20ನೇ ವಯಸ್ಸಿಗೆ, ತಮಗಿಂತ ಎತ್ತರದವರ ತೂಕವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದದ್ದು ಈ ಆಟದಿಂದ. ಮುಷ್ಟಿಗಳು ಕೆನ್ನೆಮೂಳೆಗೆ ತಾಗಿ, ಮೊಣಕೈ ಒಳಗೆ, ಎದುರು ನಿಲುವು, ಮೊಣಕಾಲು ಬಗ್ಗಿಸಿ. ಹೊರಗಿನಿಂದ ನೋಡುವವರಿಗೆ ಕೈ ಕಾಣುತ್ತದೆ, ಆದರೆ ಈ ಗಾರ್ಡ್‌ನ ಜೀವ ಇರುವುದು ತೊಡೆಯಲ್ಲಿ. ತಲೆ ಎಡಬಲಕ್ಕೆ ಸರಿಯುವುದು ಮೊಣಕಾಲಿನಿಂದ. ಸೊಂಟ ಬಗ್ಗಿಸಿ ಸರಿಸಿದರೆ ಮುಖ ಕೆಳಗಾಗಿ ಅಪ್ಪರ್‌ಕಟ್‌ಗೆ ಸಿಗುತ್ತದೆ. ಮೂರು ನಿಮಿಷ ಪೂರ್ತಿ ಮೊಣಕಾಲು ಬಗ್ಗಿಸಿ ಎಡಬಲ ಸರಿಯುತ್ತಾ ಶ್ಯಾಡೋ ಬಾಕ್ಸಿಂಗ್ (ಎದುರಾಳಿಯಿಲ್ಲದೆ ಗಾಳಿಗೆ ಗುದ್ದುವ ಅಭ್ಯಾಸ) ಮಾಡಿ. ಎರಡನೆಯ ನಿಮಿಷಕ್ಕೇ ನೆಟ್ಟಗಾಗುತ್ತಿದ್ದೀರಿ ಎಂದರೆ ಈ ಗಾರ್ಡ್‌ಗೆ ಕಾಲು ಇನ್ನೂ ತಯಾರಾಗಿಲ್ಲ. ತಲೆ ನಿಂತ ಪೀಕ್‌ಎಬೂ ಬರೀ ಗಿಡ್ಡಗಾದ ಎತ್ತರದ ಗಾರ್ಡ್.

ಉದ್ದ ಗಾರ್ಡ್ ಎತ್ತರದವರದು: ಮುಂಗೈ ಅರ್ಧ ಚಾಚಿ ಎದುರಾಳಿಯ ಗ್ಲೌಸ್ ಅಥವಾ ಹಣೆಯ ಮುಂದೆ ಇಡುವುದು, ಹಿಂದಿನ ಕೈ ಗದ್ದಕ್ಕೆ. 198 ಸೆಂಟಿಮೀಟರ್ ಎತ್ತರದ ವ್ಲಾಡಿಮಿರ್ ಕ್ಲಿಚ್ಕೊ ಹೀಗೆ ಎದುರಾಳಿಯ ನೋಟಕ್ಕೆ ಅಡ್ಡಬಂದು, ದೂರ ಅಳೆದು, ಹಿಂದೆಯೇ ಬಲಗೈ ಕಳಿಸುತ್ತಿದ್ದರು. ಚಾಚಿದ ಕೈಯಿಂದ ಮುಖ ತಳ್ಳುತ್ತಾ ನಿಂತರೆ ಫೌಲ್ ಎಂದು ರೆಫರಿ ಎಚ್ಚರಿಸುತ್ತಾರೆ, ಮುಂಗೈ ಚಾಚಿದ ಕಡೆಯ ಪಕ್ಕೆಯೂ ತೆರೆದಿರುತ್ತದೆ. ಜಾರ್ಜ್ ಫೋರ್‌ಮನ್ 1994ರಲ್ಲಿ 45ನೇ ವಯಸ್ಸಿನಲ್ಲಿ ಪಟ್ಟ ಮರಳಿ ಪಡೆದಾಗ ಬಳಸಿದ ಕೈಕಟ್ಟಿನ ಗಾರ್ಡ್ (ಎರಡೂ ತೋಳು ಮೈಮುಂದೆ ಅಡ್ಡ) ಐದನೆಯ ದಾರಿ. ದೊಡ್ಡ ಮೈಯ, ಕಾಲು ನಿಧಾನವಾದ, ನೇರ ಏಟು ನುಂಗಿ ಮುಂದೆ ನಡೆಯುವವರನ್ನು ಬಿಟ್ಟರೆ ಬೇರೆಯವರಿಗೆ ಅದನ್ನು ಹೇಳಲಾರೆವು.

ಹೆಜ್ಜೆ

ಊರಿ ಎಳೆಯುವ ಹೆಜ್ಜೆ ಎಲ್ಲರ ಅಡಿಪಾಯ. ಹೋಗುವ ದಿಕ್ಕಿನ ಕಾಲು ಮೊದಲು, ಇನ್ನೊಂದು ಅಷ್ಟೇ ದೂರ ಹಿಂಬಾಲಿಸಬೇಕು: ಮುಂದಕ್ಕೆ ಮುಂಗಾಲು, ಹಿಂದಕ್ಕೆ ಹಿಂಗಾಲು, ಎಡಕ್ಕೆ ಎಡಗಾಲು. ಒಂದು ಹೆಜ್ಜೆ 10ರಿಂದ 15 ಸೆಂಟಿಮೀಟರ್ ಸಾಕು. ಸಾಮಾನ್ಯ ತಪ್ಪು ಹಿಂಗಾಲು ಅರ್ಧಕ್ಕೇ ನಿಲ್ಲುವುದು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಿಲುವು ಉದ್ದವಾಗಿ ಹಿಂದಿನ ಕೈಗೆ ಬಲವೇ ಇರುವುದಿಲ್ಲ.

ಪುಟಿಯುವ ಹೆಜ್ಜೆಯಲ್ಲಿ ಎರಡೂ ಪಾದ ಒಟ್ಟಿಗೆ ಮುಂದೆ ಹಿಂದೆ ಜಿಗಿಯುತ್ತವೆ. ಸೋವಿಯತ್ ಪರಂಪರೆಯ ಬಾಕ್ಸರ್‌ಗಳು ಇದರಲ್ಲಿ ನುರಿತವರು, ಇಂದಿನವರಲ್ಲಿ ದ್ಮಿತ್ರಿ ಬಿವೊಲ್ ಅವರನ್ನು ನೋಡಿ. ಒಳಕ್ಕೆ ನುಗ್ಗಿ ಹೊರಕ್ಕೆ ಜಾರುವ ವೇಗ ಬೇರೆ ಯಾವ ಹೆಜ್ಜೆಯಲ್ಲೂ ಸಿಗದು. ಆದರೆ ಮೀನಖಂಡ ದಣಿಯುತ್ತದೆ, ಜಿಗಿತ ಒಂದೇ ತಾಳಕ್ಕೆ ಬಿದ್ದರೆ ಎದುರಾಳಿ ನೀವು ಗಾಳಿಯಲ್ಲಿರುವ ಕ್ಷಣಕ್ಕೆ ಹೊಡೆಯುತ್ತಾರೆ. ಪಾದ ನೆಲದಿಂದ ಒಂದು ಕಾಗದ ಜಾರುವಷ್ಟೇ ಮೇಲೇಳಲಿ. ಮೂರು ಸುತ್ತಿನ ಪಂದ್ಯದವರು ಇದನ್ನು ಆರಿಸಿ. ಆರು ಸುತ್ತು ದಾಟುವವರು ಊರಿ ಎಳೆಯುವುದನ್ನು ಮುಖ್ಯವಾಗಿಟ್ಟು ಇದನ್ನು ಬೇಕೆಂದಾಗ ಬೆರೆಸಲಿ.

ಪಿವಟ್ ಎಲ್ಲರಿಗೂ ಬೇಕು, ಆಯ್ಕೆಯ ಮಾತಿಲ್ಲ. ಮುಂಗಾಲಿನ ಬೆರಳಬುಡ ನೆಲಕ್ಕೆ ಒತ್ತಿ, ಹಿಂಗಾಲನ್ನು 45 ಡಿಗ್ರಿಯಷ್ಟು ಬೀಸಿ ಇಡುವುದು, ಗಾರ್ಡ್ ಇಳಿಯದಂತೆ. ನೇರ ಹಿಂದಕ್ಕೆ ಎರಡು ಹೆಜ್ಜೆಗಿಂತ ಹೆಚ್ಚು ಹೋಗಬೇಡಿ. ಅಮೆಚೂರ್ ರಿಂಗ್ ಹಗ್ಗದೊಳಗೆ 6.1 ಮೀಟರ್ ಚೌಕ, ನಡುವಿನಿಂದ ಹಗ್ಗಕ್ಕೆ ಇರುವುದು ಮೂರು ಮೀಟರ್ ಮಾತ್ರ.

ಫೇಂಟ್: ಯಾರಿಗೆ ಯಾವುದು

ಫೇಂಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಹುಪಾಲು ಕಡೆ ಇದನ್ನು ಕೈ ಅಲುಗಿಸುವುದು ಎಂದು ಕಲಿಸಿ ಬಿಟ್ಟುಬಿಡುತ್ತಾರೆ.

ಜ್ಯಾಬ್ ಫೇಂಟ್ ಹತ್ತಿರದಿಂದ ನೋಡಿ. ಮುಂಗಾಲು ಒಂದು ಬೆರಳುದ್ದ ಮುಂದೆ ಬೀಳುತ್ತದೆ, ಅದರ ಜೊತೆಗೇ ಮುಂಭುಜ ತಿರುಗುತ್ತದೆ, ಮುಷ್ಟಿ ಒಂದು ಗೇಣಿಗಿಂತ ಕಡಿಮೆ ಹೋಗಿ ನಿಲ್ಲುತ್ತದೆ. ಹಿಂದಿನ ಕೈ ದವಡೆ ಬಿಡುವುದಿಲ್ಲ. ತೂಕ ಇನ್ನೂ ನಡುವೆ ಇದೆ, ಹಾಗಾಗಿ ಇಲ್ಲಿಂದ ಹೊಡೆಯಲೂಬಹುದು, ಹಿಂದೆ ಜಾರಲೂಬಹುದು. ಎದುರಾಳಿ ನಂಬುವುದು ಭುಜ ಮತ್ತು ಪಾದವನ್ನು. ಬರೀ ಮುಷ್ಟಿ ಅಲುಗಿದರೆ ಯಾರೂ ಕಣ್ಣು ಮಿಟುಕಿಸುವುದಿಲ್ಲ.

ಮೊದಲು ನಿಜವಾದ ಏಟು ಬೀಳಬೇಕು. ಎರಡು ಮೂರು ಗಟ್ಟಿ ಜ್ಯಾಬ್ ಹೊಟ್ಟೆಗೆ ಹಾಕಿ, ನಾಲ್ಕನೆಯ ಸಲ ಅದೇ ರೀತಿ ಮೊಣಕಾಲು ಬಗ್ಗಿಸಿ ಕಣ್ಣು ಹೊಟ್ಟೆಗೆ ಇಳಿಸಿ. ಎದುರಾಳಿಯ ಕೈ ಇಳಿದಾಗ ಏಟು ಮೇಲೆ ಹೋಗಲಿ. ಏಟೇ ಬೀಳದವರ ಫೇಂಟ್‌ಗೆ ಬೆಲೆಯಿಲ್ಲ.

ಯಾವ ಫೇಂಟ್ ಎಂಬುದು ಎದುರಾಳಿ ಏನು ಮಾಡುತ್ತಾರೆ ಎಂಬುದರ ಮೇಲೆ. ಕೈ ಎತ್ತಿ ಮುದುಡುವವರಿಗೆ ಮೇಲೆ ಫೇಂಟ್, ಪಕ್ಕೆಗೆ ಏಟು. ಹಿಂದೆ ಸರಿಯುವವರಿಗೆ ಪಾದದ ಫೇಂಟ್: ಅರ್ಧ ಹೆಜ್ಜೆ ಹಾಕಿ ನಿಲ್ಲಿ, ಅವರು ಸರಿದು ಪಾದ ಊರುವಾಗ ಪೂರ್ತಿ ಹೆಜ್ಜೆ ಹಾಕಿ ಹಿಂದಿನ ಕೈ ಕಳಿಸಿ. ಮರುಏಟಿಗೆ ಕಾದು ಕುಳಿತವರಿಗೆ ಜ್ಯಾಬ್ ಫೇಂಟ್ ಹಾಕಿ ಅವರ ಏಟನ್ನು ಹೊರತರಿಸಿ, ಅದು ಖಾಲಿ ಹೋದ ಮೇಲೆ ಹೊಡೆಯಿರಿ. ಭುಜದ ಗಾರ್ಡ್‌ನವರನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎದುರಾಳಿ ಅಲುಗದೆ ನಿಂತರೆ ಕಾರಣ ಎರಡರಲ್ಲಿ ಒಂದು: ನಿಮ್ಮ ಫೇಂಟ್ ಅವರಿಗೆ ಮುಟ್ಟದ ದೂರದಲ್ಲಿದೆ, ಅಥವಾ ಅವರು ಹೆಪ್ಪುಗಟ್ಟಿದ್ದಾರೆ. ಅರ್ಧ ಹೆಜ್ಜೆ ಹತ್ತಿರ ಹೋಗಿ ಮತ್ತೊಮ್ಮೆ ಹಾಕಿ. ಆಗಲೂ ಅಲುಗದಿದ್ದರೆ ಫೇಂಟ್ ಬಿಟ್ಟು ಸೀದಾ ಹೊಡೆಯಿರಿ.

ಅತಿವೇಗವೂ ಫೇಂಟನ್ನು ಕೆಡಿಸುತ್ತದೆ. ಎದುರಾಳಿಯ ಕಣ್ಣಿಗೆ ಬಿದ್ದು ಮೈ ಉತ್ತರಿಸುವಷ್ಟು ಸಮಯ ಬೇಕು. ನಿಜವಾದ ಜ್ಯಾಬ್‌ನ ವೇಗದಲ್ಲೇ ಶುರುಮಾಡಿ, ಕೊನೆಯಲ್ಲಿ ಒಂದು ಉಸಿರಿನಷ್ಟು ನಿಲ್ಲಿ.

ಕೂಡಿಸಿ ನೋಡುವಾಗ

ಎತ್ತರದ, ಉದ್ದ ಕೈಯವರಿಗೆ ಪಕ್ಕಕ್ಕೆ ವಾಲಿದ ನಿಲುವು, ಉದ್ದ ಗಾರ್ಡ್, ಪುಟಿಯುವ ಹೆಜ್ಜೆ, ಪಾದದ ಫೇಂಟ್ ಒಂದಕ್ಕೊಂದು ಕೂಡುತ್ತವೆ. ಗಿಡ್ಡ, ತೊಡೆ ಗಟ್ಟಿಯಿರುವವರಿಗೆ ಎದುರು ನಿಲುವು, ಪೀಕ್‌ಎಬೂ, ಊರಿ ಎಳೆಯುವ ಹೆಜ್ಜೆ, ಮೊಣಕಾಲು ಬಗ್ಗಿಸುವ ಫೇಂಟ್. ನಡುವಿನ ಮೈಕಟ್ಟಿನವರು, ಒದೆತ ಇರುವ ಆಟದವರು, ವಾರಕ್ಕೆ ಎರಡು ದಿನ ಮಾತ್ರ ಅಭ್ಯಾಸಕ್ಕೆ ಬರುವವರು ಎತ್ತರದ ಗಾರ್ಡನ್ನೇ ಹಿಡಿಯಲಿ. ಕೂಡದ ಜೋಡಿಗಳೂ ಇವೆ: ಪಕ್ಕದ ನಿಲುವಿನ ಮೇಲೆ ಪೀಕ್‌ಎಬೂ ಇಟ್ಟರೆ ಹಿಂದಿನ ಕೈ ತಲುಪುವುದಿಲ್ಲ, ಎದುರು ನಿಲುವಿನ ಮೇಲೆ ಭುಜದ ಗಾರ್ಡ್ ಇಟ್ಟರೆ ಮುಂಭುಜ ಗದ್ದವನ್ನು ಮುಚ್ಚುವುದೇ ಇಲ್ಲ.

ಆರಿಸಿದ ಜೋಡಿಯನ್ನು ಆರು ವಾರ ಬದಲಿಸಬೇಡಿ. ವಾರಕ್ಕೊಮ್ಮೆ ಒಂದು ಸುತ್ತು ಹಗುರ ಸ್ಪಾರಿಂಗ್ ಅನ್ನು ಪಕ್ಕದಿಂದ ವಿಡಿಯೋ ಮಾಡಿಸಿ; ತಲೆಗೆ ರಕ್ಷಣೆ, ಬಾಯಿಗೆ ಗಮ್‌ಶೀಲ್ಡ್ ಇರಲಿ, ಏಟು ಅರ್ಧಬಲ ಮೀರದಿರಲಿ. ನೋಡುವಾಗ ಏಟುಗಳನ್ನು ಎಣಿಸಬೇಡಿ. ನಿಮಗೆ ಏಟು ಬಿದ್ದ ಪ್ರತಿ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ ಪಾದ ನೋಡಿ. ಪಾದ ಸರಿಯಿದ್ದೂ ಏಟು ಬಿದ್ದಿದ್ದರೆ ಗಾರ್ಡ್ ಬದಲಿಸುವ ಮಾತು ಬರುತ್ತದೆ. ಪಾದ ಒಂದರಮೇಲೊಂದು ಬಂದಿದ್ದರೆ ಗಾರ್ಡ್‌ನಲ್ಲಿ ತಪ್ಪಿಲ್ಲ, ಟೇಪಿನ ಗೆರೆಯ ಮೇಲೆ ಇನ್ನೂ ಕೆಲಸ ಬಾಕಿಯಿದೆ. ಆರು ವಾರಗಳಲ್ಲಿ ಕನಿಷ್ಠ ಎರಡು ಸುತ್ತು ಸೌತ್‌ಪಾ ಜೊತೆಗಾರರೊಂದಿಗೂ ಇರಲಿ. ನಿಮ್ಮ ಗಾರ್ಡ್‌ನ ಯಾವ ಮೂಲೆ ತೆರೆದಿದೆ ಎಂದು ಅವರ ಎಡಗೈ ಬೇಗ ತೋರಿಸಿಕೊಡುತ್ತದೆ.